ಮುಂದಿನ ಸೀಟಿನ ಮೆಕ್ಯಾನಿಕ್

ನಮ್ಮ ಹಳೆಯ ಸ್ಟೇಷನ್ ವ್ಯಾಗನ್ನಿನ ಮುಂದಿನ ಸೀಟು ಅಮ್ಮನದಾಗಿರಲಿಲ್ಲ, ನೆರೆಮನೆಯ ಮೆಕ್ಯಾನಿಕರದಾಗಿತ್ತು. ಪ್ರತಿ ಗುರುವಾರ ಬಿಕರ್ನಕಟ್ಟೆಯ ಇಗರ್ಜಿಗೆ ಪ್ರಾರ್ಥನೆಗೆಂದು ಹೊರಟರೆ ಕಾರು ಏರಿನಲ್ಲಿ ನಿಂತೇ ನಿಲ್ಲುತ್ತಿತ್ತು. ನಿಂತದ್ದೇ ತಡ, ಹಿಂದೆ ಡಿಕ್ಕಿಯಲ್ಲಿ ಕುಳಿತ ನಾವು ಮಕ್ಕಳು "ಹೋ!" ಎಂದು ಕೂಗುತ್ತಿದ್ದೆವು. ಮೆಕ್ಯಾನಿಕರು ಇಳಿದು ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಕಿವಿಗೊಟ್ಟು, "ಎಂತದೂ ಇಲ್ಲ ಮಾರಾಯ್ರೇ, ಅದಕ್ಕೆ ಸ್ವಲ್ಪ ಸಿಟ್ಟು ಬಂದದ್ದು" ಎನ್ನುತ್ತಿದ್ದರು.

ಅಪ್ಪ ಹೊಸ ಕಾರು ತಂದ ಗುರುವಾರ ಅಮ್ಮ ಮೊದಲ ಸಲ ಮುಂದೆ ಕೂತಳು. ಗೇಟಿನಲ್ಲಿ ಮೆಕ್ಯಾನಿಕರು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು.

"ಇದು ಹಾಳಾಗುವುದಿಲ್ಲವಂತೆ," ಎಂದು ಅಪ್ಪ ತಡವರಿಸಿದ.

"ಗೊತ್ತುಂಟು. ಸುಮ್ಮನೆ ನೋಡುವ ಅಂತ ಬಂದೆ."

ಅಮ್ಮ ಇಳಿದು, ಮುಂದಿನ ಬಾಗಿಲನ್ನು ಅವರಿಗಾಗಿ ತೆರೆದಿಟ್ಟು, ಹಿಂದೆ ನಮ್ಮ ನಡುವೆ ನುಗ್ಗಿ ಕೂತಳು.

ಕಾರು ಕೆಡದೆಯೇ ನಾವು "ಹೋ!" ಎಂದು ಕೂಗಿದೆವು.