ಅಡ್ಡಮಳೆಯ ವಿಗ್ರಹವಾಕ್ಯ

ಮೋಡದ ಬೆನ್ನು ಹತ್ತಿ ಅಲೆಯುವುದು ಗೌರವಸ್ಥರ ಕೆಲಸವಲ್ಲವೆಂಬ ವಿಷಯದಲ್ಲಿ ನನ್ನ ನೆಂಟರಿಷ್ಟರಲ್ಲಿ ಪೂರ್ಣ ಒಮ್ಮತವಿದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಿಗೆ ಶಾಸ್ತ್ರಸಮ್ಮತವಾದ ಉದ್ಯೋಗಗಳೆಂದರೆ ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೂರುವುದು, ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ನಡಾವಳಿಯ ಕಾಗುಣಿತ ತಿದ್ದುವುದು ಮತ್ತು ರಕ್ತದೊತ್ತಡ. ಇವನ್ನೆಲ್ಲ ನಾನು ಯಥಾಶಕ್ತಿ ನಡೆಸಿಕೊಂಡೇ ಬಂದಿದ್ದೇನೆ. ಆದರೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ, ಉಂಡವರೆಲ್ಲ ಮಲಗಿರುವಾಗ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಗುಡುಗು ಹುಡುಕಿಕೊಂಡು ಹೊರಡುತ್ತೇನೆ.

ಕಾರಣ ಸರಳ. ಸಿದ್ದಾಪುರದ ನಮ್ಮ ಮನೆಯಿಂದ ಮೋಡ ಕಾಣುವುದಿಲ್ಲ. ಮರಗಳ ನಡುವೆ ಅಂಗಳದಷ್ಟೇ ಅಗಲದ ಆಕಾಶ ನಮ್ಮ ಪಾಲಿಗೆ ಬಂದಿದೆ. ಗುಡುಗನ್ನು ನಾವು ಕಿವಿಯಿಂದ ಬಲ್ಲೆವೇ ಹೊರತು ಕಣ್ಣಿನಿಂದಲ್ಲ. ಗುಡುಗುಮಳೆಯ ಮೋಡವೊಂದು ಬುಡದಿಂದ ನೆತ್ತಿಯವರೆಗೆ ಇಡಿಯಾಗಿ ಕಾಣಬೇಕಾದರೆ ಶಿರಸಿ ದಾಟಿ ಮೂಡಲಿಗೆ ಹೋಗಬೇಕು, ಇಲ್ಲವೇ ಯಲ್ಲಾಪುರದಿಂದಾಚೆ ಕಾಡು ಮುಗಿಯುವವರೆಗೆ ಹೋಗಬೇಕು. ಗುಡ್ನಾಪುರದ ಕೆರೆ ಏರಿಯ ಮೇಲೆ ನಿಂತರೆ ಬಯಲು ಶುರು. ಅಲ್ಲಿ ಮೊದಲ ಸಲ ಅಂಥ ಮೋಡವನ್ನು ಪೂರ್ತಿಯಾಗಿ ನೋಡಿದಾಗ ನನಗಾದದ್ದು ಆನಂದವಲ್ಲ, ಅವಮಾನ. ಅರವತ್ತು ವರ್ಷ ಇದರ ಪಾದದ ಕೆಳಗೇ ಇದ್ದೆ, ಮುಖ ನೋಡಿರಲಿಲ್ಲ. ಅದರ ಒಂದಾದರೂ ಸರಿಯಾದ ಫೋಟೋ ತೆಗೆದೇ ತೀರುತ್ತೇನೆಂದು ಅಂದೇ ನಿಶ್ಚಯಿಸಿದೆ.

ಕಾರು ನಡೆಸುವವಳು ನನ್ನ ಹೆಂಡತಿ. ನನಗೆ ಕಾರು ಕಲಿಸಲು ಇಬ್ಬರು ಪ್ರಯತ್ನಿಸಿದ್ದರು. ಇಬ್ಬರೂ ಈಗ ಬೇರೆ ಉದ್ಯೋಗದಲ್ಲಿದ್ದಾರೆ. ಅವಳ ಮೊದಲ ಕಟ್ಟಳೆ ಇದು: "ನಿಂಗ ಮೋಡ ನೋಡಿ, ಆನು ರಸ್ತೆ ನೋಡ್ತೆ. ಇಬ್ರೂ ಮೋಡ ನೋಡಿದ್ರೆ ಸೀದಾ ಮ್ಯಾಲೇ ಹೋಪದು." ಎರಡನೆಯದು ಎಣಿಕೆಯ ಕಟ್ಟಳೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಅವಳು ಗಟ್ಟಿಯಾಗಿ ಎಣಿಸುತ್ತಾಳೆ. ಎಣಿಕೆ ಮೂವತ್ತಕ್ಕಿಂತ ಕೆಳಗಿಳಿದರೆ ನಾನು ಎಂಥ ಚಿತ್ರದ ನಡುವೆ ಇದ್ದರೂ ಕಾರಿನೊಳಗೆ ಬಂದು ಕೂರಬೇಕು. ಈ ಕಾನೂನಿಗೆ ಮೇಲ್ಮನವಿಯಿಲ್ಲ.

ಕೆರೆ ಏರಿಯ ಮೇಲೆ ಮೂರುಕಾಲಿನ ಸ್ಟ್ಯಾಂಡ್ ಹೂಡಿ ನಿಂತ ಮೊದಲ ದಿನವೇ ಅಲ್ಲಿನ ರೈತನೊಬ್ಬ ಸೈಕಲ್ ನಿಲ್ಲಿಸಿ, ಕೆಳಗಿಳಿದು, ನನ್ನನ್ನೂ ಸ್ಟ್ಯಾಂಡನ್ನೂ ಸುತ್ತು ಹಾಕಿ ನೋಡಿದ.

"ರೋಡ್ ಅಗಲ ಮಾಡ್ತಾರೇನ್ರಿ?"

"ಇಲ್ಲಪ್ಪ. ಮೋಡದ ಫೋಟೋ ತೆಗೀತಿದ್ದೇನೆ."

"ಮೋಡದ್ದ?" ಆತ ಮೇಲೆ ನೋಡಿದ. "ಅದಕ್ಕೂ ಆಧಾರ್ ಕಾರ್ಡ್ ಮಾಡಸಾಕತ್ತಾರೇನ್ರಿ?"

ಹಾಗೆ ಶುರುವಾದ ಸ್ನೇಹ. ಹಿಂದಿನ ಮಳೆಗಾಲದಲ್ಲಿ ಆತನ ಮನೆಯ ಮಣ್ಣಿನ ಗೋಡೆ ಕುಸಿದಿತ್ತು. ಗಂಡಹೆಂಡಿರು ಹೊಲದ ಬದಿಗೆ ತಗಡಿನ ಶೆಡ್ ಹಾಕಿಕೊಂಡು, ತಮ್ಮದೇ ಹೊಲದ ಮಣ್ಣನ್ನು ತುಳಿದು, ಅಚ್ಚಿಗೆ ಹಾಕಿ, ಹೊಸ ಮನೆಗೆ ಬೇಕಾದ ಇಟ್ಟಿಗೆಗಳನ್ನು ತಾವೇ ಮಾಡುತ್ತಿದ್ದರು. ಹಸಿ ಇಟ್ಟಿಗೆ ವಾರಗಟ್ಟಲೆ ಬಿಸಿಲಿಗೆ ಒಣಗಬೇಕು, ಆಮೇಲೆ ಸುಡಬೇಕು, ಇಷ್ಟೆಲ್ಲ ಮಳೆಗಾಲ ಹಿಡಿಯುವ ಮೊದಲೇ ಮುಗಿಯಬೇಕು. ನಡುವೆ ಒಂದು ಜೋರು ಮಳೆ ಬಿದ್ದರೆ ಸಾಕು, ಇಟ್ಟಿಗೆ ಮತ್ತೆ ಮಣ್ಣು, ಮತ್ತೊಂದು ವರ್ಷ ತಗಡಿನಡಿಯ ವಾಸ. ಮೋಡ ಎಲ್ಲಿದೆ, ಯಾವ ಕಡೆ ಹೊರಟಿದೆ ಎಂಬುದನ್ನು ನಾನು ಬಲ್ಲೆನೆಂದು ತಿಳಿದ ಕೂಡಲೆ ಆತ ನನ್ನ ಫೋನ್ ನಂಬರ್ ಬರೆದುಕೊಂಡ. ಸರ್ಕಾರಿ ಆಜ್ಞೆಯಿಲ್ಲದೆಯೇ ನಾನು ಆ ಇಟ್ಟಿಗೆಗಳ ಹವಾಮಾನ ಅಧಿಕಾರಿಯಾದೆ.

ಆ ವರ್ಷ ಮೇ ತಿಂಗಳ ಒಂದು ದಿನ ನಾವು ಯಲ್ಲಾಪುರದಿಂದ ಮುಂಡಗೋಡಿಗೆ ಹೋಗುವ ದಾರಿಯಲ್ಲಿದ್ದೆವು. ಈಶಾನ್ಯದಲ್ಲಿ ಒಂದು ಮೋಡ ಹೂಕೋಸಿನಂತೆ ಅರಳುತ್ತ ಅರಳುತ್ತ ನೆತ್ತಿ ಚಪ್ಪಟೆಯಾಗಿ ಹರಡಿ ನಿಂತಿತ್ತು. ಅದರ ಬುಡದಿಂದ ಮಳೆಯ ಕಂಬ ನೂಲು ಹಿಡಿದಷ್ಟು ನೆಟ್ಟಗೆ ನೆಲಕ್ಕಿಳಿದಿತ್ತು. ನಾನು ಒಂದು ಕಣ್ಣು ಮುಚ್ಚಿ ಕ್ಯಾಮೆರಾದೊಳಗೆ ಇಣುಕುತ್ತಿರುವಾಗ ಫೋನ್ ಬಂತು.

"ಮಾಸ್ತರ್ರ, ಅಡ್ಡಮಳಿ ಬರ್ತೈತೇನ್ರಿ?"

ಇಲ್ಲಿ ಓದುಗರು ನನ್ನ ಸ್ಥಿತಿಯನ್ನು ಸಹಾನುಭೂತಿಯಿಂದ ನೋಡಬೇಕು. ಮೂವತ್ತು ವರ್ಷ ಸಮಾಸ ಬಿಡಿಸಲು ಕಲಿಸಿದವನು ನಾನು. ಅಡ್ಡವಾದ ಮಳೆ, ಅಡ್ಡಮಳೆ, ಕರ್ಮಧಾರಯ. ಇರಚಲು ಹೊಡೆಯುವ ಮಳೆಯೇ, ನೇರ ಬೀಳುವ ಮಳೆಯೇ ಎಂದು ರೈತ ಕೇಳುತ್ತಿದ್ದಾನೆ, ಪಾಪ, ಎಷ್ಟು ಸೂಕ್ಷ್ಮದ ಮನುಷ್ಯ ಅಂದುಕೊಂಡೆ. ಇನ್ನೊಮ್ಮೆ ಕಂಬವನ್ನು ನೋಡಿ ಪೂರ್ಣ ಜವಾಬ್ದಾರಿಯಿಂದ ಹೇಳಿದೆ:

"ಇಲ್ಲಪ್ಪ, ಅಡ್ಡ ಏನೂ ಇಲ್ಲ. ಎಲ್ಲ ನೆಟ್ಟಗಿದೆ."

"ಹೌದ್ರಿ? ಹಂಗಾರ ಆರಾಮಾತು," ಎಂದ. ನೆಟ್‌ವರ್ಕ್ ಕಡಿದುಹೋಯಿತು.

ಸಂಜೆ ಆ ಮೋಡದ ಹಿಂದೆಯೇ ಇಳಿದು ನಾವು ಗುಡ್ನಾಪುರಕ್ಕೆ ಬಂದೆವು. ರಸ್ತೆಯ ಮೇಲೆಲ್ಲ ನೀರು. ನನ್ನ ಬಳಿ ನೂರಾರು ಚಿತ್ರಗಳಿದ್ದವು, ಒಂದೆರಡನ್ನಾದರೂ ಆತನಿಗೆ ತೋರಿಸುವ ಉತ್ಸಾಹ. ಹೊಲದ ಹತ್ತಿರ ಹೋದಾಗ ಆತ ಬೋರಲು ಹಾಕಿದ ಅಚ್ಚಿನ ಮೇಲೆ ಕೂತಿದ್ದ. ಎದುರಿಗೆ, ಬೆಳಗ್ಗೆ ಸಾಲು ಸಾಲಾಗಿ ಇಟ್ಟಿಗೆಗಳಿದ್ದ ಕಡೆ, ಉದ್ದುದ್ದದ ಮಣ್ಣಿನ ದಿಬ್ಬಗಳಿದ್ದವು. ಅಂಚುಗಳೆಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಆತನ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ, ಚಹಾಕ್ಕೆ ನೀರಿಡಲು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

"ಬರ್ರಿ ಮಾಸ್ತರ್ರ," ಎಂದ ಆತ. "ನೀವು ಇಲ್ಲ ಅಂದ್ರಿ. ಆರ್ಲಿ ಅಂತ ಹೊದಿಕಿ ತೆಗದು ಬನವಾಸಿ ಪ್ಯಾಟಿಗೆ ಹೋದೆ."

"ನಾನು ಅಡ್ಡ ಇಲ್ಲ ಅಂದೆ," ಎಂದೆ. "ಮಳೆ ಇಲ್ಲ ಅನ್ನಲಿಲ್ಲ."

ಆತ ನನ್ನ ಮುಖ ನೋಡಿದ. "ಅಡ್ಡಮಳಿ ಇಲ್ಲ ಅಂದಮ್ಯಾಲೆ ಬ್ಯಾಸಗ್ಯಾಗ ಮತ್ಯಾವ ಮಳಿರೀ ಬರೂದು?"

ಆಗ ತಿಳಿಯಿತು. ಆ ಕಡೆಯ ಮಾತಿನಲ್ಲಿ ಬೇಸಿಗೆಯ ಗುಡುಗುಮಳೆಗೇ ಅಡ್ಡಮಳೆಯೆನ್ನುತ್ತಾರೆ. ಮಳೆಗಾಲದ್ದಲ್ಲದ, ನಡುವೆ ಅಡ್ಡ ಬಾಯಿ ಹಾಕುವ ಮಳೆ. ಮನೆಯಿಂದ ಅರ್ಧ ದಿನದ ದಾರಿಯೂ ಇಲ್ಲದ ಊರಿನ ಕನ್ನಡ ಅದು. ನಾನು ಮೂರು ಸಲ ತಪ್ಪಾಯಿತೆಂದೆ. ಆತ, "ಇರ್ಲಿ ಬಿಡ್ರಿ. ಮಣ್ಣ ಎಲ್ಲೂ ಹೋಗಿಲ್ಲ, ಇಲ್ಲೇ ಐತಿ," ಎಂದ. ಮಳೆಗಾಲಕ್ಕೆ ಇನ್ನು ಕೆಲವೇ ವಾರ. ಆ ವರ್ಷ ಮತ್ತೆ ಇಟ್ಟಿಗೆ ಮಾಡಿ ಒಣಗಿಸುವಷ್ಟು ಬಿಸಿಲು ಉಳಿದಿರಲಿಲ್ಲವೆಂದು ನಾಲ್ವರಿಗೂ ಗೊತ್ತಿತ್ತು.

ವಾಪಸ್ ಬರುವಾಗ ಶಿರಸಿ ದಾಟಿದ ಮೇಲೆ ಹೆಂಡತಿ ಕೇಳಿದಳು: "ಮೂವತ್ತು ವರ್ಷ ನಿಂಗ ಕಲಿಸಿದ್ದು ಎಂತರ ಕನ್ನಡ?"

ಆ ಮಳೆಗಾಲ ಮುಗಿಯುವವರೆಗೆ ನಮ್ಮ ಮನೆಯ ಹೆಂಚಿನ ಮೇಲೆ ಮಳೆ ಬಿದ್ದಾಗಲೆಲ್ಲ ನನಗೆ ತಗಡಿನ ಸದ್ದು ಕೇಳುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಆತ ಮತ್ತೆ ಮಣ್ಣು ತುಳಿಯಲು ಇಳಿದನೆಂದು ಕೇಳಿದ ದಿನವೇ ನಾನು ಮನೆಯಲ್ಲಿ ಗಂಭೀರ ಘೋಷಣೆಯೊಂದನ್ನು ಹೊರಡಿಸಿದೆ: ಈ ವರ್ಷ ಮೋಡ ಮೊದಲು ಇಟ್ಟಿಗೆಗೆ, ಆಮೇಲೆ ಕ್ಯಾಮೆರಾಕ್ಕೆ. ಒಂದು ಇಟ್ಟಿಗೆಯೂ ನನ್ನ ವ್ಯಾಕರಣದಿಂದ ಕರಗಕೂಡದು. ಹೆಂಡತಿ, "ಬರೆದು ಸಹಿ ಮಾಡಿ," ಎಂದಳು. ಮಾಡಿದೆ. ಆ ಕಾಗದ ಫ್ರಿಜ್ಜಿನ ಬಾಗಿಲ ಮೇಲೆ ಈಗಲೂ ಇದೆ.

ಆಮೇಲೆ ದಿನಾ ಊಟವಾದ ಮೇಲೆ ಹೊರಡುವುದೇ. ಇಬ್ಬನಿಯಂಥ ಮೋಡಕ್ಕೂ ಫೋನ್ ಮಾಡುತ್ತಿದ್ದೆ. "ಅಡ್ಡಮಳೆ ಬರಬಹುದು, ಹೊದಿಸು." ಬರುತ್ತಿರಲಿಲ್ಲ. "ಹೊದಿಸು." ಮತ್ತೆ ಬರುತ್ತಿರಲಿಲ್ಲ. ನಾಲ್ಕನೆಯ ಸಲ ಆತ, "ಮಾಸ್ತರ್ರ, ಹೊದಸಿ ಹೊದಸಿ ಇಟ್ಟಿಗಿ ಬೆವರಾಕತ್ತಾವ್ರಿ," ಎಂದ. ಆದರೂ ಬಿಡಲಿಲ್ಲ. ಹುಸಿ ಎಚ್ಚರಿಕೆಗೆ ನಗಬಹುದು, ಅದರಿಂದ ಗೋಡೆ ಬೀಳುವುದಿಲ್ಲ.

ಕೊನೆಗೆ ಬಂತು. ನಾವು ಕೆರೆ ಏರಿಯ ಮೇಲಿದ್ದೆವು. ಮೂಡಲ ದಿಕ್ಕಿನಲ್ಲಿ ಎದ್ದ ಮೋಡ ನಾನು ಅದುವರೆಗೆ ಕಂಡ ಯಾವುದನ್ನೂ ಹೋಲುತ್ತಿರಲಿಲ್ಲ. ಅದರ ಮುಂದುಗಡೆ, ಬಯಲಿನ ಈ ತುದಿಯಿಂದ ಆ ತುದಿಯವರೆಗೆ, ಕಡುನೀಲಿಯ ದಪ್ಪ ಸುರುಳಿಯೊಂದು ತೊಲೆಯ ಹಾಗೆ ಅಡ್ಡ ಮಲಗಿ ನಮ್ಮ ಕಡೆಗೆ ಉರುಳಿಕೊಂಡು ಬರುತ್ತಿತ್ತು. ಇಷ್ಟು ವರ್ಷ ನಾನು ಕಾದದ್ದು ಇದಕ್ಕೇ. ಫೋನ್ ಮಾಡಿದೆ, ಆತ ಎತ್ತಲಿಲ್ಲ. ಮತ್ತೆ ಮಾಡಿದೆ.

"ಎತ್ತತ್ವಿಲ್ಲೆ ಅಲ್ದಾ? ಹತ್ತಿ," ಎಂದು ಹೆಂಡತಿ ಕಾರು ತಿರುಗಿಸಿಯಾಗಿತ್ತು. ನಾನು ಒಮ್ಮೆ ಮೋಡವನ್ನು ನೋಡಿದೆ, ಒಮ್ಮೆ ಫ್ರಿಜ್ಜಿನ ಮೇಲಿನ ಸಹಿಯನ್ನು ನೆನೆದೆ. ಹತ್ತಿದೆ.

ಗಂಡಹೆಂಡಿರು ಹೊಲದ ಇನ್ನೊಂದು ತುದಿಯಲ್ಲಿ ಸೌದೆ ಒಟ್ಟುತ್ತಿದ್ದರು. ಮರುದಿನ ಸುಡುವುದೆಂದು ಇಟ್ಟಿಗೆಗಳನ್ನೆಲ್ಲ ಬಿಸಿಲಿಗೆ ಬಿಚ್ಚಿಟ್ಟಿದ್ದರು. "ಅಡ್ಡಮಳೆ!" ಎಂದು ನಾನು ಕಾರಿನ ಕಿಟಕಿಯಿಂದಲೇ ಕೂಗಿದೆ. ಜೀವಮಾನದಲ್ಲಿ ಒಂದು ಶಬ್ದವನ್ನು ಅಷ್ಟು ಶುದ್ಧವಾಗಿ ಪ್ರಯೋಗಿಸಿದ್ದಿಲ್ಲ. ಇಳಿದವನು ಸ್ಟ್ಯಾಂಡನ್ನು ಬದುವಿನ ಮೇಲೆ ಊರಿ, ಕ್ಯಾಮೆರಾ ತನ್ನಷ್ಟಕ್ಕೆ ತಾನು ಚಿತ್ರ ತೆಗೆಯುತ್ತಿರುವಂತೆ ಮಾಡಿಟ್ಟೆ. ಅದಕ್ಕೆ ಹಿಡಿದದ್ದು ಅರ್ಧ ನಿಮಿಷ, ಅಷ್ಟನ್ನು ಘೋಷಣೆಯ ಉಲ್ಲಂಘನೆ ಎನ್ನಲಾಗದು. ಆಮೇಲೆ ಇಟ್ಟಿಗೆ ಹೊದಿಸುವ ತಾಡಪತ್ರಿಯ ಒಂದು ಮೂಲೆ ಹಿಡಿದೆ.

"ನಲವತ್ತೆರಡು!" ಎಂದು ಕಾರಿನಿಂದ ಹೆಂಡತಿ ಕೂಗಿದಳು.

ಮಳೆಗಿಂತ ಮುಂಚೆ ಗಾಳಿ ಬಂತು. ತಾಡಪತ್ರಿ ಎತ್ತಿನಂತೆ ಜಗ್ಗಿತು. ಒಂದು ಸಾಲು ಹೊದಿಸಿ ಕಲ್ಲು ಹೇರಿದೆವು, ಇನ್ನೊಂದು, ಮತ್ತೊಂದು. "ಮೂವತ್ತೇಳು!" ಕೊನೆಯ ಸಾಲಿಗೆ ಬಂದಾಗ ಸುರುಳಿ ಹೊಲದ ಎದುರಿಗೇ ಎದ್ದು ನಿಂತಿತ್ತು. ಅದರೊಳಗೆ ಹಸಿರು ಬೆಳಕು.

"ಮಾಸ್ತರ್ರ, ಹಿಡೀರಿ! ಮ್ಯಾಲ್ ಏನ್ ನೋಡ್ತೀರಿ!"

ನಾನು ನೋಡಿದೆ. ಎರಡು ಕ್ಷಣ ಇರಬಹುದು. ಕೈಯಲ್ಲಿದ್ದ ಮೂಲೆ ಕಳಚಿ ಹಾರಿತು. ಆತ ಓಡಿ ಬಂದು ಅದನ್ನು ಹಿಡಿಯುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. "ಇಪ್ಪತ್ತೊಂಬತ್ತು! ಸಾಕು, ಬನ್ನಿ ಎಲ್ಲರೂ!" ಎಂದು ಹೆಂಡತಿ ಹಾರ್ನ್ ಒತ್ತಿ ಹಿಡಿದಳು. ಆತ ಕೊನೆಯ ಕಲ್ಲು ಇಟ್ಟೇ ಬಂದ. ನಾಲ್ವರೂ ಕಾರಿನಲ್ಲಿ ಒದ್ದೆಯಾಗಿ ಕೂತು ಗಾಜಿನಾಚೆ ಏನೂ ಕಾಣದ ಬಿಳಿಯನ್ನು ನೋಡಿದೆವು.

ಮಳೆ ನಿಂತ ಮೇಲೆ ತಾಡಪತ್ರಿ ಎತ್ತಿ ನೋಡಿದರೆ ಇಟ್ಟಿಗೆಗಳು ಇಟ್ಟಿಗೆಗಳಾಗಿಯೇ ಇದ್ದವು, ನನ್ನ ಮೂಲೆಯ ಕೆಳಗಿನವುಗಳ ಹೊರತು. ಅಲ್ಲಿ ನಲವತ್ತರಷ್ಟು ಇಟ್ಟಿಗೆಗಳು ಒಂದಾಗಿ ಹೋಗಿದ್ದವು. ಆತನ ಹೆಂಡತಿ ಅಂದು ಮೊದಲ ಸಲ ನನ್ನೊಂದಿಗೆ ಮಾತಾಡಿದಳು: "ಇವು ಮಾಸ್ತರ್ ಪಾಲಿನವು. ಅವರೇ ಮಾಡ್ಲಿ."

ಬದುವಿನ ಮೇಲೆ ಕ್ಯಾಮೆರಾ ಮಗುಚಿ ಬಿದ್ದಿತ್ತು. ಬೀಳುವ ಮುಂಚೆ ತೆಗೆದದ್ದರಲ್ಲಿ ಒಂದು ಚಿತ್ರ ಸಿಕ್ಕಿತು. ಮೋಡ ಬುಡದಿಂದ ನೆತ್ತಿಯವರೆಗೆ ಇಡಿಯಾಗಿದೆ, ಸುರುಳಿಯೂ ಇದೆ, ನಡುವೆ ಒಂದು ಮಿಂಚು. ಕೆಳಗೆ ಇಬ್ಬರು ಮೈಯೆಲ್ಲ ಬಗ್ಗಿಸಿ ತಾಡಪತ್ರಿ ಜಗ್ಗುತ್ತಿದ್ದಾರೆ. ಮೂರನೆಯವನೊಬ್ಬ ಬರಿಗೈಯಲ್ಲಿ ಬಾಯಿ ತೆರೆದು ಆಕಾಶ ನೋಡುತ್ತಿದ್ದಾನೆ. ಆ ಭಾಗವನ್ನು ಕತ್ತರಿಸಿದರೆ ಚಿತ್ರ ದೋಷರಹಿತವಾಗುತ್ತದೆ ಎಂದು ಆತನಿಗೆ ಹೇಳಿದೆ. "ಕತ್ತರಸಬ್ಯಾಡ್ರಿ," ಎಂದ. "ನಲವತ್ತು ಇಟ್ಟಿಗಿ ಎಲ್ಲಿಗೆ ಹೋದ್ವು ಅಂತ ನಾಳೆ ಯಾರರ ಕೇಳಿದ್ರ ತೋರ್ಸಾಕ ಬೇಕ್ರಿ."

ಉಳಿದ ಇಟ್ಟಿಗೆಗಳನ್ನು ಆ ವಾರದಲ್ಲೇ ಸುಡಬೇಕಿತ್ತು. ಆದರೂ ನನ್ನ ಪಾಲಿನವು ಒಣಗುವವರೆಗೆ ಗಂಡಹೆಂಡಿರು ತಡೆದರು, ಎರಡು ಸಲ ಅಡ್ಡಮಳೆಯ ಹೆದರಿಕೆಯನ್ನೂ ಸಹಿಸಿದರು. ನಾನು ಪಂಚೆ ಎತ್ತಿ ಕಟ್ಟಿ ಮಣ್ಣು ತುಳಿದೆ. ಅಚ್ಚಿಗೆ ತುಂಬಿ, ಮೇಲೆ ಸವರಿ, ಬೋರಲು ಹಾಕಿ ಎತ್ತಿದರೆ ಮೊದಲ ಹತ್ತು ಇಟ್ಟಿಗೆಗಳು ಅಕ್ಷರ ಕಲಿಯುವ ಮಕ್ಕಳ ಕೈಬರಹದಂತೆ ಬಂದವು. ಹೆಂಡತಿ ಬದುವಿನ ಮೇಲೆ ಕೂತು ಎಣಿಸುತ್ತಿದ್ದಳು, ಈ ಸಲ ಇಟ್ಟಿಗೆಗಳನ್ನು. ಸೊಟ್ಟಗಿದ್ದದ್ದನ್ನು ಆತ ಕೋಲಿನಿಂದ ತಟ್ಟಿ, "ಇದು ಇನ್ನೊಮ್ಮಿ," ಎನ್ನುತ್ತಿದ್ದ. ನಾನು ಒಂದು ಕಾಲದಲ್ಲಿ ಹೇಳುತ್ತಿದ್ದ ದನಿಯಲ್ಲೇ.

ಮಳೆಗಾಲ ಹಿಡಿಯುವ ಮುಂಚೆ ಎಲ್ಲ ಕೆಂಪಗೆ ಸುಟ್ಟು ಬಂದವು. ದಸರೆಯ ಹೊತ್ತಿಗೆ ಗೋಡೆ ಎದೆಮಟ್ಟ ಎದ್ದಿತ್ತು. ನನ್ನ ನಲವತ್ತು ಅಡುಗೆಮನೆಯ ಹಿಂಬದಿಯ ಗೋಡೆಗೆ ಹೋಗಿವೆ. ಗಾರೆ ಬಳಿಯುವ ಮೊದಲು ಆತ ಕರೆದು ತೋರಿಸಿದ. ಒಂದಕ್ಕೊಂದು ತಾಳಮೇಳವಿಲ್ಲದೆ ಸ್ವಲ್ಪ ಸೊಟ್ಟಗೆ ಕೂತ ಒಂದು ಸಾಲು.

"ಹ್ಯಾಂಗ ಐತ್ರಿ ಮಾಸ್ತರ್ರ?"

"ಅಡ್ಡ ಇದೆ," ಎಂದೆ.

"ಇರ್ಲಿ ಬಿಡ್ರಿ," ಎಂದ ಆತ. "ಗ್ವಾಡಿ ಬೀಳೂದಿಲ್ಲ."