ಕಲ್ಲಪ್ಪನವರ ಗುಪ್ತ ರೀಲು

ಕೋಲ್ಕತ್ತದ ಟಾಲಿಗಂಜಿನ ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಕಲ್ಲಪ್ಪನವರಷ್ಟು ಸತ್ಯವಂತರಿಲ್ಲ, ಒಂದು ಸುಳ್ಳನ್ನು ಬಿಟ್ಟರೆ. ನೌಕಾಪಡೆಯ ಫೋಟೋಗ್ರಾಫರ್ ಆಗಿದ್ದವರು. ಫೋಟೋದಲ್ಲಿ ಸಮುದ್ರದ ಗೆರೆ ಸೊಟ್ಟಗಾದರೆ ಅಲ್ಲಿ ಬೈಗುಳ ಖಚಿತ. ಎಲ್ಲ ನೆಟ್ಟಗಿರಬೇಕೆಂಬ ಆ ಚಟ ವಯಸ್ಸು ಎಪ್ಪತ್ತೈದು ದಾಟಿದರೂ ಹೋಗಿಲ್ಲ. ನನ್ನ ಮಗಳ ಮದುವೆಯಲ್ಲಿ ಮಂಟಪದ ತೋರಣ ಎರಡು ಬೆರಳು ವಾಲಿದೆಯೆಂದು ಮುಹೂರ್ತದ ಹೊತ್ತಿಗೆ ಪುರೋಹಿತರನ್ನೇ ಏಣಿ ಹತ್ತಿಸಿದ ಮಹಾನುಭಾವರು!

ಸುಳ್ಳು ಎಪ್ಪತ್ತೊಂದರ ಯುದ್ಧದ್ದು. ಶತ್ರುವಿನ ಬಂದರು ಹೊತ್ತಿ ಉರಿಯುವಾಗ ಹಡಗಿನ ಮೇಲೆ ನಿಂತು ಮೂವತ್ತೈದು ಫೋಟೋ ತೆಗೆದರು, ಲೆನ್ಸಿನ ಮುಚ್ಚಳ ತೆಗೆಯದೆ. ಆ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಮುಚ್ಚಳವಿದ್ದರೂ ಕಿಂಡಿಯಲ್ಲಿ ಯುದ್ಧ ಚೆನ್ನಾಗಿಯೇ ಕಾಣುತ್ತದೆ. ‘ಆ ರೀಲು ಸರ್ಕಾರದ ಗುಪ್ತ ದಾಖಲೆ’ ಎಂದು ಐವತ್ತು ವರ್ಷ ಊರಿಗೆಲ್ಲ ಹೇಳಿದರು. ನಿಜ ಗೊತ್ತಿದ್ದದ್ದು ಹೆಂಡತಿ ಸಾವಿತ್ರಿಗೆ, ಆಮೇಲೆ ನನಗೆ.

ಹತ್ತು ವರ್ಷದ ಮೊಮ್ಮಗಳು ನಿಹಾರಿಕಾ ಅದನ್ನು ನಂಬಿ, ಸ್ಕೂಲಿನಲ್ಲೆಲ್ಲ ಸಾರಿ, ಆ ರೀಲಿನ ಫೋಟೋ ಕೊಡಿ ಎಂದು ಅಜ್ಜನಿಗೆ ಹೇಳದೆ ನೌಕಾಪಡೆಗೆ ಇ-ಮೇಲ್ ಕಳಿಸಿಬಿಟ್ಟಳು. ಉತ್ತರವೂ ಬಂತು, ದಪ್ಪ ಲಕೋಟೆಯಲ್ಲಿ. ಕಲ್ಲಪ್ಪನವರ ಮುಖ ಬಿಳಿಚಿಕೊಂಡಿತು.

“ಯುದ್ಧದಾಗ ಇಷ್ಟು ಹೆದರಿರ್ಲಿಲ್ರೀ,” ಎಂದು ನನ್ನ ಕೈ ಹಿಡಿದರು. “ಈ ಕೂಸಿನ ಮುಂದ ನಾ ಸಣ್ಣಾವ ಆಗ್ತೇನಿ.”

ನಿಹಾರಿಕಾ ಲಕೋಟೆ ಒಡೆದಳು. ರೀಲಿನಲ್ಲಿ ಮೂಡಿದ್ದು ಕೊನೆಯ ಚಿತ್ರ ಮಾತ್ರ, ಅದನ್ನು ಪ್ರದರ್ಶನದಲ್ಲಿ ಇಡುತ್ತೇವೆ, ಕೆಳಗೆ ಹಾಕಲು ವಿವರ ಬರೆದುಕೊಡಿ ಎಂದಿತ್ತು ಪತ್ರ. ಚಿತ್ರದಲ್ಲಿ ಹಿಂದೆ ಹೊಗೆ, ಮುಂದೆ ಇಪ್ಪತ್ತೊಂದು ವರ್ಷದ ಕಲ್ಲಪ್ಪ, ಕೈಯಲ್ಲೊಂದು ಕರಿ ಬಿಲ್ಲೆ, ಕೆನ್ನೆ ತುಂಬ ಕಣ್ಣೀರು.

“ಹಡಗಿನ್ಯಾಗಿನ ದೋಸ್ತ ದೇವೇಂದ್ರ ತಗದದ್ದು,” ಎಂದು ಕಲ್ಲಪ್ಪನವರು ನನ್ನ ಕಿವಿಯಲ್ಲಿ ಗೊಣಗಿದರು. “ಮುಚ್ಚಳಾ ಕಿತ್ತು ನನ್ನ ಕೈಯಾಗ ಕೊಟ್ಟು, ಕಿಸಿಕಿಸಿ ನಕ್ಕೋತ ಹೊಡದ, ಮಗ.”

“ಅಜ್ಜಾ, ಫೋಟೋದಾಗ ವೈ ಆರ್ ಯೂ ಕ್ರೈಯಿಂಗ್? ಯಾರರೆ ಫ್ರೆಂಡ್ ಸತ್ತಿದ್ನಾ?”

ಹೌದು ಎಂದರೆ ಮುಗಿದೇ ಹೋಗುತ್ತಿತ್ತು. ನಾನೇ ಹೌದೆನ್ನಿ ಎಂದು ಕಣ್ಸನ್ನೆ ಮಾಡಿದೆ, ನಾಚಿಕೆಯಿಲ್ಲದೆ. ಅವರು ನನ್ನತ್ತ ನೋಡಲಿಲ್ಲ. ಪೆನ್ನು ಕೇಳಿ, ಚಿತ್ರದ ಬೆನ್ನಿಗೆ ಬರೆದರು: ‘ಫೋಟೋಗ್ರಾಫರ್ ಕಲ್ಲಪ್ಪ. ಮುಚ್ಚಳ ತೆಗೆಯದೆ ಮೂವತ್ತೈದು ಫೋಟೋ ತೆಗೆದಿದ್ದು ಗೊತ್ತಾದಾಗ.’

ನಿಹಾರಿಕಾ ಅಕ್ಷರ ಕೂಡಿಸಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಸೋಫಾದಿಂದ ಜಾರಿ ಬೀಳುವಷ್ಟು ನಕ್ಕಳು.

“ಥರ್ಟಿಫೈವ್, ಅಜ್ಜಾ?”

“ಥರ್ಟಿಫೈವ್.”

“ಸ್ಕೂಲ್‌ನಾಗ ಹೇಳ್ಲಾ?”

ಕಲ್ಲಪ್ಪನವರು ಕಣ್ಣೊರೆಸಿಕೊಂಡರು. “ಹೇಳವಾ. ನಾನೂ ಬರ್ತೇನಿ.”