ಬರುವಾಗಿನ ಕಟ್ಟು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಅದರಿಂದಲೇ ವೀಳ್ಯದೆಲೆಯ ತೊಟ್ಟು ಚಿವುಟುತ್ತಿದ್ದರಾದ್ದರಿಂದ ಅದು ಸದಾ ಹಸಿರು. ಮಾನ್ವಿಯಲ್ಲಿ ನಮ್ಮ ಓಣಿಯ ತುದಿಗೆ ಅವರ ಎಲೆ ಅಂಗಡಿ. ಊರಿಗೆಲ್ಲ ಅವರು ಚಾಚಾ. ಮದುವೆಯಾಗಿ ಬಂದ ಮೇಲೆ ನನಗೂ ಚಾಚಾ. ನಮ್ಮ ಮಾವನವರು ಗುಡಿಯ ಪೂಜೆ ಮಾಡುವವರು, ಓಣಿಗೆಲ್ಲ ಆಚಾರ್ರು, ಮಹಾ ಮಡಿವಂತರು. ಆದರೆ ದೇವರ ಮುಂದಿಡುವ ಎಲೆ ಆ ಅಂಗಡಿಯದೇ ಆಗಬೇಕು. ಕಟ್ಟಿನಲ್ಲಿ ಹರಿದ ಎಲೆಯೊಂದು ಕಂಡರೆ ಚಾಚಾ ತಮ್ಮನ್ನೇ ಬೈದುಕೊಳ್ಳುತ್ತಿದ್ದರು: "ಕಣ್ಣು ಎಲ್ಲಿ ಮೇಯಾಕ ಹೋಗಿದ್ವೋ!"

ಆಗ ನಮ್ಮದು ನಿಜಾಮರ ರಾಜ್ಯ. ತುಂಗಭದ್ರೆಯ ಆಚೆ ಇಂಡಿಯಾ. ಅವರಿಗೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ಹೊಳೆ ದಾಟಿದರೆ ಪರದೇಶ! ಮದುವೆಗೋ ಮಠಕ್ಕೋ ಒಂದೆರಡು ದಿನಕ್ಕೆ ಹೋಗುವವರಿಗೆ ರಹದಾರಿ ಕಾಗದ ಬೇಕಿರಲಿಲ್ಲ. ಉಟ್ಟ ಬಟ್ಟೆ, ಮೇಲೊಂದು ಜೊತೆ, ಅಷ್ಟೇ. ಕಾಳುಕಡಿ, ಬೆಳ್ಳಿ ಬಂಗಾರ ಒಯ್ಯುವಂತಿಲ್ಲ. ಆದರೆ ದಂಡೆಯ ಮೇಲೆ ತಪಾಸಣೆ ಮಾಡುವ ನಾಕಾದವರಿಗೆ ಗುರುತಿರುವ ಒಬ್ಬರು, ಹೋದವರು ಮರಳುವ ತನಕ ಅಲ್ಲೇ ಜಾಮೀನು ಕೂರಬೇಕು. ಚಾಚಾ ಎಷ್ಟು ಮನೆಯವರಿಗೆ ಹೀಗೆ ಕೂತಿದ್ದರೋ! ಬುಟ್ಟಿ ಎಲೆ ಒಯ್ದು, ನಾಕಾದ ಕಟ್ಟೆಯ ಮೇಲೆ ತೊಟ್ಟು ಚಿವುಟುತ್ತ ಕೂತುಬಿಡುವರು.

ಅತ್ತೆ, ಮಾವ, ನನ್ನ ಯಜಮಾನರು, ನಾನು ಮಠಕ್ಕೆ ಹೊರಟಾಗಲೂ ಅವರೇ ಬಂದರು. ಹರಿಗೋಲು ಹತ್ತುವ ಮುಂಚೆ ನನ್ನ ಕೈಗೆ ಬಾಳೆಪಟ್ಟೆಯಲ್ಲಿ ಸುತ್ತಿದ ಎರಡು ಕಟ್ಟು ಎಲೆ ಕೊಟ್ಟರು.

"ಇದು ಹೋಗಾಕ, ಇದು ಬರಾಕ. ಬರೋದನ್ನ ತೇವದಾಗ ಇಡು ತಂಗೆವ್ವ."

"ನಾಡದ ಬಂದಬಿಡ್ತೀವಿ ಚಾಚಾ," ಎಂದೆ. ಮಾವನವರು ಹೊಳೆಯ ಕಡೆ ಮುಖ ಮಾಡಿ ನಿಂತಿದ್ದರು.

ಯಾಕೆಂದು ಆಚೆ ದಂಡೆಗಿಳಿದ ಮೇಲೆ ಗೊತ್ತಾಯಿತು. "ಇನ್ನ ತಿರುಗಿ ಹೋಗೋದಿಲ್ಲ," ಅಂದರು. "ಈ ಗದ್ದಲದಾಗ ಹೆಣ್ಮಕ್ಕಳನ್ನ ಕಟ್ಟಿಕೊಂಡು ಅಲ್ಲಿ ಹೆಂಗಿರೋದು? ಅದೋನಿಯೊಳಗ ತಂಗಿ ಮನಿ ಅದ."

ಅತ್ತೆ ಗಾಬರಿಯಾದರು. "ಅಲ್ರೀ, ಆ ಮನಷ್ಯಾ ಅಲ್ಲೇ ಕೂತಾನಲ್ರೀ!"

"ನಾಕಾದವರೂ ಅವನ ಮಂದೀನ, ಅವರವರು ಏನರೆ ಮಾಡ್ಕೋತಾರ. ನಡೀರಿ."

ಮಾವನವರ ಭಯ ಸುಳ್ಳಾಗಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ದಿನಾ ಲೂಟಿಯ ಸುದ್ದಿ ಬರುತ್ತಿತ್ತು. ಆದರೂ ಆ ಮನುಷ್ಯನನ್ನೇ ಕೂರಿಸಿ ಬರಬೇಕಿತ್ತೇ? ಅದೋನಿಯಲ್ಲಿ ಬರುವಾಗಿನ ಎಲೆಕಟ್ಟಿಗೆ ದಿನಾ ನೀರು ಚಿಮುಕಿಸಿದೆ. ಕೊನೆಗೆ ಕೊಳೆತು ನಾರತೊಡಗಿದಾಗ ಅತ್ತೆಯೇ ಎತ್ತಿ ಹೊರಗೆ ಹಾಕಿದರು.

ನಿಜಾಮರ ಆಳ್ವಿಕೆ ಮುಗಿದ ಮೇಲೆ ಮಾನ್ವಿಗೆ ಮರಳಿದೆವು. ನಾಕಾದವರು ಚಾಚಾನನ್ನು ರಾಯಚೂರಿಗೆ ಒಯ್ದು ಕೂಡಿಹಾಕಿದ್ದರಂತೆ. ಬಿಟ್ಟ ಮೇಲೆ ದೇವದುರ್ಗದ ತಂಗಿಯ ಮನೆಯಲ್ಲಿ ಬಹಳ ದಿನ ಮಲಗಿದ್ದರಂತೆ. ಯಾರು ಎಷ್ಟು ಕೇಳಿದರೂ ಒಂದೇ ಮಾತು: "ಆಚಾರ್ರಿಗೆ ಜ್ವರ ಬಂದಿರಬೇಕ್ರಿ. ಇಲ್ಲಾಂದ್ರ ಬರೋ ಮಂದಿ ಅವರು."

ಮರುದಿನ ಅವರೇ ನಮ್ಮ ಅಂಗಳಕ್ಕೆ ಬಂದರು. ಹೆಬ್ಬೆರಳಿಗೆ ಉಗುರೇ ಇರಲಿಲ್ಲ, ಬೆರಳು ಸೊಟ್ಟಗಾಗಿತ್ತು.

"ಜ್ವರ ಇಳೀತೇನ್ರೀ ಆಚಾರ್ರ?" ಓಣಿಗೆಲ್ಲ ಕೇಳುವಂತೆ ಕೇಳಿದರು.

ಮಾವನವರು ನೆಲ ನೋಡುತ್ತ, "ಇಳೀತಪಾ," ಅಂದರು. ಥೂ! ಬಾಗಿಲ ಹಿಂದೆ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಂದಿನಿಂದ ಚಾಚಾ ಕತ್ತರಿಯಿಂದ ತೊಟ್ಟು ಕತ್ತರಿಸಿ ಎಲೆ ಕೊಡುತ್ತಿದ್ದರು. ಮಾವನವರು ಮಾತ್ರ ಸಾಯುವ ತನಕ ಆ ಅಂಗಡಿಯ ಮುಂದೆ ಹಾಯಲಿಲ್ಲ, ಸುತ್ತು ಹಾಕಿ ಗುಡಿಗೆ ಹೋಗುತ್ತಿದ್ದರು.

ಚಾಚಾ ಹಾಸಿಗೆ ಹಿಡಿದಾಗ ನೋಡಲು ಹೋದೆ. "ಚಾಚಾ, ಅವತ್ತ ಮಾವನೋರಿಗೆ ಜ್ವರ..." ಎನ್ನುವಷ್ಟರಲ್ಲಿ ಅವರೇ ಕೈಯೆತ್ತಿ ತಡೆದರು.

"ಬಂದಿರಲಿಲ್ಲ. ಗೊತ್ತದ ಬಿಡು ತಂಗೆವ್ವ," ಅಂದರು. "ನಾಕಾದಾಗ ಏನರೆ ಹೇಳಬೇಕಿತ್ತಲ್ಲ. ಮತ್ತ ಆಚಾರ್ರು ತಿರುಗಿ ಬಂದಾಗ ಓಣ್ಯಾಗ ಮಾರಿ ತೋರಸಾಕೂ ಒಂದು ಮಾತು ಬೇಕಿತ್ತು."

ಆ ವಾರದಲ್ಲೇ ಅವರು ಹೋದರು. ಈಗ ಸೇತುವೆಯಾಗಿದೆ, ಬಸ್ಸು ನಿಲ್ಲದೆ ದಾಟುತ್ತದೆ, ಯಾರೂ ಯಾರನ್ನೂ ಕೇಳುವುದಿಲ್ಲ. ಮಠಕ್ಕೆ ಹೋಗುವಾಗ ನಾನು ಎರಡು ಕಟ್ಟು ಎಲೆ ಒಯ್ಯುತ್ತೇನೆ. ಬರುವಾಗಿನದನ್ನು ಬಿಚ್ಚುವಾಗ ಈಗಲೂ ತಲೆ ಎತ್ತಲಾಗುವುದಿಲ್ಲ.